ಬಿ.ಬಿ.ಎ. ವಿದ್ಯಾರ್ಥಿಗಳಿಗೆ ವ್ಯಾಪಾರವನ್ನು ಮಾಡಿಸಿಯೇ ಕಲಿಸುವುದು ಹೇಗೆ?

ನಿಮ್ಮ ವಿದ್ಯಾರ್ಥಿಗಳು ಲಾಭ-ನಷ್ಟದ ಲೆಕ್ಕವನ್ನು ತಪ್ಪಿಲ್ಲದೆ ಬರೆಯುತ್ತಾರೆ, ವ್ಯಾಪಾರಿಯ ಎದುರು ನಿಂತರೆ ಬಾಯಿ ಕಟ್ಟುತ್ತದೆ, ಮಾರ್ಗದರ್ಶಕರನ್ನು ಎಲ್ಲಿಂದ ತರಲಿ ಎಂದು ಕೇಳಿದ್ದೀರಿ. ನಾನು ಕೊಡಗಿನ ಗೋಣಿಕೊಪ್ಪಲಿನ ಸುತ್ತಿನಲ್ಲಿ ವಾಣಿಜ್ಯ ಪಾಠ ಮಾಡುತ್ತೇನೆ. ನಾವು ಒಂದು ಚೀಲ ಕಾಫಿಯಿಂದ ಶುರು ಮಾಡಿದೆವು.

ರೊಬಸ್ಟಾ ಎಂಬ ಕಾಫಿ ತಳಿಯ ಕೊಯ್ಲು ಮುಗಿದು ಕಣದಲ್ಲಿ ಒಣಗಿದ ಮೇಲೆ ನಾಲ್ವರ ತಂಡಕ್ಕೆ 50 ಕೆ.ಜಿ.ಯ ಒಂದು ಚೀಲ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಕೊಳ್ಳಲು ಸಾಲ ಕೊಟ್ಟೆವು. ದಾನವಲ್ಲ, ಹಿಂದಿರುಗಿಸಬೇಕಾದ ಸಾಲ. ಒಂದು ತಂಡ ಬಣ್ಣ ನೋಡಿ, ಚೀಲಕ್ಕಿಷ್ಟು ಎಂದು ದರ ಕಟ್ಟಿ ಕೊಂಡಿತು. ಮಾರಲು ಹೋದಾಗ ವ್ಯಾಪಾರಿ ಸ್ವಲ್ಪ ಮಾದರಿ ತೂಗಿ, ಸಿಪ್ಪೆ ಬಿಡಿಸಿ, ಬೀಜವನ್ನು ಮತ್ತೆ ತೂಗಿದರು. ಚೀಲಕ್ಕೆ 28 ಕೆ.ಜಿ. ಬೀಜ ಬರುತ್ತದೆಂದು ನಂಬಿದ್ದವರಿಗೆ ಔಟ್‌ಟರ್ನ್, ಅಂದರೆ ಚೀಲವೊಂದಕ್ಕೆ ಸಿಗುವ ಬೀಜದ ತೂಕ, 25 ಬಂತು. ಮೂರು ಕೆ.ಜಿ. ಬೀಜದ ಹಣ ಅಲ್ಲೇ ಹೋಯಿತು. ನಾನು ವಿವರಿಸಲು ಬಾಯಿ ತೆರೆದೆ, ವ್ಯಾಪಾರಿ ಕೈಸನ್ನೆಯಲ್ಲೇ ತಡೆದು, ತಂಡದ ಹುಡುಗಿಯೊಬ್ಬಳನ್ನು, "ಏನು ನೋಡಿ ತೆಗೆದುಕೊಂಡೆ, ಮಗಳೇ?" ಎಂದು ಕೇಳಿ ಸುಮ್ಮನೆ ಕುಳಿತರು. ಆ ಹುಡುಗಿ ಎರಡು ನಿಮಿಷ ಯೋಚಿಸಿ, ಒಂದು ಹಿಡಿ ಚೆರ್ರಿಯನ್ನು ಕಿವಿಯ ಬಳಿ ಅಲುಗಾಡಿಸಿದಳು. ಚೆನ್ನಾಗಿ ಒಣಗಿದ್ದರೆ ಒಳಗೆ ಬೀಜ ಗಲಗಲ ಎನ್ನಬೇಕು. ಎನ್ನಲಿಲ್ಲ. ನನ್ನ ಮೂರು ತರಗತಿಗಳಲ್ಲಿ ಆಗದ ಪಾಠ ಅದು.

ಮಾರ್ಗದರ್ಶಕರೆಂದರೆ ಇಂಥವರು. ವೇದಿಕೆ ಹತ್ತಿ ಭಾಷಣ ಮಾಡುವ ದೊಡ್ಡವರನ್ನು ಹುಡುಕಬೇಡಿ. ಒಂದು ಹಂಗಾಮು ಪೂರ್ತಿ, ವಾರಕ್ಕೊಂದು ಗಂಟೆ ತಮ್ಮ ತಕ್ಕಡಿಯ ಪಕ್ಕ ಮಕ್ಕಳನ್ನು ಕೂರಿಸಿಕೊಳ್ಳುವವರನ್ನು ಕೇಳಿ. ಮಳೆಗಾಲದಲ್ಲಿ, ವ್ಯಾಪಾರ ತಣ್ಣಗಿರುವಾಗ ಹೋಗಿ ಮಾತಾಡಿ. ಆಗ ಅವರಿಗೂ ಪುರಸೊತ್ತು ಇರುತ್ತದೆ.

ಬೆಳೆಗಾರರ ಮಕ್ಕಳಿಗೆ ಇದು ಗೊತ್ತಿರುವುದಿಲ್ಲವೇ ಎಂದು ನಿಮಗೆ ಅನ್ನಿಸಬಹುದು. ಇವರ ಅಜ್ಜಂದಿರು ಬೆಳೆಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಬೆಳೆಯನ್ನು ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ, ಒಪ್ಪಿಸಿ ಬರುತ್ತಿದ್ದರು. ತೊಂಬತ್ತರ ದಶಕದಲ್ಲಿ ಆ ವ್ಯವಸ್ಥೆ ಹಂತ ಹಂತವಾಗಿ ಸಡಿಲವಾಗಿ, 1996ರಿಂದಷ್ಟೇ ಎಲ್ಲ ಬೆಳೆಗಾರರೂ ಪೂರ್ತಿ ಬೆಳೆಯನ್ನು ತಾವೇ ಮಾರುವಂತಾಯಿತು. ನಮ್ಮ ಮನೆಗಳಲ್ಲೇ ಈ ಚೌಕಾಸಿ ತೀರ ಹಳೆಯದಲ್ಲ.

ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿಯಿರಿ: ಲಾಭಕ್ಕೆ ಅಂಕ ಕೊಡಬೇಡಿ. ಕೊಟ್ಟರೆ ಮಕ್ಕಳು ನಷ್ಟ ಮುಚ್ಚಿಡುತ್ತಾರೆ. ನಾನು ಅಂಕ ಕೊಡುವುದು ದಿನವಹಿ ಪುಸ್ತಕಕ್ಕೆ: ಯಾರನ್ನು ಕೇಳಿದೆ, ಏನು ಹೇಳಿದರು, ಯಾಕೆ ಒಪ್ಪಿದೆ. ಆ ತಂಡ ನಷ್ಟದಲ್ಲೇ ಮುಗಿಸಿತು, ಪುಸ್ತಕಕ್ಕೆ ಪೂರ್ತಿ ಅಂಕ ಪಡೆಯಿತು.

ನಿಮ್ಮ ಊರಿನಲ್ಲಿ ಕಾಫಿ ಇಲ್ಲದಿದ್ದರೆ ಅಡಿಕೆಯೋ ಬೆಲ್ಲವೋ ಆದೀತು. ಮೊದಲ ವರ್ಷ ಒಂದೇ ತಂಡ ಸಾಕು.