ಮಾಧ್ಯಮವೆಲ್ಲ ದೊಡ್ಡವರ ಕೈಯಲ್ಲಿರುವಾಗ ಸಾಮಾನ್ಯ ಜನ ಏನಾದರೂ ಮಾಡಲು ಸಾಧ್ಯವಾ?

ಟಿವಿ, ಪತ್ರಿಕೆ, ಈಗ ಇಂಟರ್ನೆಟ್ ಕೂಡ ಕೆಲವೇ ದೊಡ್ಡವರ ಪಾಲಾಗಿದೆ, ಸಾಮಾನ್ಯ ಜನ ಸೇರಿ ಇದನ್ನು ಎಲ್ಲಾದರೂ ಬದಲಿಸಿದ್ದು ಉಂಟಾ, ನನ್ನಂಥವನು ಮಾಡೋದೇನಿದೆ ಅಂತ ಕೇಳಿದ್ದೀರಿ. ಉಂಟು. ಅದೂ ನಮ್ಮ ಆಸುಪಾಸಿನಲ್ಲೇ. ನಾನು ಕೆಲವು ವರ್ಷ ಒಂದು ಸಮುದಾಯ ರೇಡಿಯೊದಲ್ಲಿ, ಅಂದರೆ ಊರಿನವರೇ ಲಾಭದ ಆಸೆಯಿಲ್ಲದೆ ನಡೆಸುವ ಸಣ್ಣ ರೇಡಿಯೊ ಕೇಂದ್ರದಲ್ಲಿ, ಸ್ವಯಂಸೇವಕಿಯಾಗಿದ್ದೆ. ಹಾಗಾಗಿ ನನಗೆ ಚೆನ್ನಾಗಿ ಗೊತ್ತಿರುವ ಆ ಕತೆಯನ್ನೇ ಹೇಳುತ್ತೇನೆ.

ಮೊದಲು ಒಂದು ಕೋರ್ಟ್ ತೀರ್ಪು. 1993ರ ಹೀರೋ ಕಪ್ ಕ್ರಿಕೆಟ್ ಪಂದ್ಯಗಳನ್ನು ಯಾರು ಪ್ರಸಾರ ಮಾಡಬೇಕು ಅಂತ ದೂರದರ್ಶನಕ್ಕೂ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಜಗಳ ಹತ್ತಿತು. ಅದು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1995ರ ಫೆಬ್ರವರಿಯಲ್ಲಿ ಕೋರ್ಟ್, ಪ್ರಸಾರದ ತರಂಗಗಳು ಸಾರ್ವಜನಿಕ ಆಸ್ತಿ, ಅವು ಸಾರ್ವಜನಿಕರ ಹಿತಕ್ಕೆ ಬಳಕೆಯಾಗಬೇಕು ಅಂತ ಹೇಳಿತು. ಕ್ರಿಕೆಟ್ ಜಗಳದಿಂದ ಬಂದ ಈ ಮಾತನ್ನು ಹಳ್ಳಿಯ ಹೆಂಗಸರ ಪರವಾಗಿ ಎತ್ತಿಕೊಂಡವರು ಬೇರೆ ಜನ. ಮರುವರ್ಷವೇ, ಅಂದರೆ 1996ರಲ್ಲಿ, 'ವಾಯ್ಸಸ್' ಎಂಬ ಸಂಸ್ಥೆಯ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ ಒಂದು ಸಭೆ ಸೇರಿತು. ಅಲ್ಲಿಂದ ಹೊರಬಂದ ಘೋಷಣೆಗೆ ಬೆಂಗಳೂರು ಘೋಷಣೆ ಅಂತಲೇ ಹೆಸರು. ಸರ್ಕಾರದ ರೇಡಿಯೊ ಇದೆ, ಖಾಸಗಿ ರೇಡಿಯೊ ಬರುತ್ತದೆ, ಇವೆರಡರ ಜೊತೆಗೆ ಜನರೇ ನಡೆಸುವ ಮೂರನೆಯದೊಂದು ಬೇಕು ಅನ್ನೋದು ಅವರ ವಾದ.

ಸರ್ಕಾರ ಮೊದಲು ಬಾಗಿಲು ತೆರೆದಿದ್ದು ದುಡ್ಡಿದ್ದವರಿಗೆ. ಎಫ್‌ಎಂ ತರಂಗಗಳ ಹರಾಜು ನಡೆಯಿತು. 2001ರ ಜುಲೈಯಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಶುರುವಾಯಿತು. ಹಳ್ಳಿಯವರಿಗೆ ಮಾತ್ರ ಕಾಯಿರಿ ಅನ್ನುವ ಉತ್ತರ.

ಅವರು ಸುಮ್ನೆ ಕಾಯಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಹುಟ್ಟಿಕೊಂಡಿತು. ಪ್ರಸಾರಕ್ಕೆ ಲೈಸೆನ್ಸ್ ಇಲ್ಲ, ಸರಿ. ಆದರೆ ರೆಕಾರ್ಡ್ ಮಾಡಲು ಲೈಸೆನ್ಸ್ ಬೇಕಾಗಿಲ್ಲವಲ್ಲ! ಸ್ವಸಹಾಯ ಸಂಘದ ಹೆಂಗಸರು, ಊರಿನ ಹುಡುಗರು ಸೇರಿ ಕಾರ್ಯಕ್ರಮ ಮಾಡಿದರು. ಕ್ಯಾಸೆಟ್ಟಿಗೆ ಹಾಕಿ ಸಂಘದ ಸಭೆಗಳಲ್ಲಿ ಕೇಳಿಸಿದರು. ಆಮೇಲೆ ಮನೆಮನೆಗೆ ಹೋಗುವ ಟಿವಿ ಕೇಬಲ್ಲಿನಲ್ಲೇ ದನಿ ಕಳಿಸಿದರು. ತರಂಗವನ್ನು ಮುಟ್ಟಲೇ ಇಲ್ಲ, ಕಾನೂನನ್ನೂ ಮುರಿಯಲಿಲ್ಲ.

ಆಗಿನ ಆಂಧ್ರದ ಮೆದಕ್ ಜಿಲ್ಲೆಯ ಮಾಚನೂರಿನಲ್ಲೂ ಇಂಥದ್ದೇ ಕೆಲಸ ನಡೆದಿತ್ತು. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸ್ವಯಂಸೇವಾ ಸಂಸ್ಥೆಯ ಸಂಘಗಳ ದಲಿತ ಹೆಂಗಸರು ತಮ್ಮ ಬೀಜ, ಬೆಳೆ, ಹಾಡು, ಮನೆಮದ್ದಿನ ಬಗ್ಗೆ ವರ್ಷಗಟ್ಟಲೆ ಟೇಪು ತುಂಬಿಸಿಟ್ಟರು. ಸ್ಟುಡಿಯೊ ಇತ್ತು, ಕಾರ್ಯಕ್ರಮ ಇತ್ತು, ಇಲ್ಲದಿದ್ದದ್ದು ಅನುಮತಿ ಒಂದೇ. 2000ದ ಜುಲೈಯಲ್ಲಿ ಇದೇ ಸೊಸೈಟಿ ಪಸ್ತಾಪುರದಲ್ಲಿ ಯುನೆಸ್ಕೊ ನೆರವಿನ ಸಭೆಯೊಂದನ್ನು ಕರೆಯಿತು. ಅಲ್ಲಿಯ ಘೋಷಣೆಯಲ್ಲಿ ಬೇಡಿಕೆ ಇನ್ನೂ ಖಚಿತವಾಯಿತು: ಲಾಭಕ್ಕಲ್ಲದ, ಊರಿನದೇ ಆದ, ಊರಿನವರೇ ನಡೆಸುವ ರೇಡಿಯೊ.

ಎಲ್ಲ ಕಡೆ ಇಷ್ಟು ಸಲೀಸಾಗಿರಲಿಲ್ಲ. ಕರ್ನೂಲು ಜಿಲ್ಲೆಯ ಓರ್ವಕಲ್ಲಿನಲ್ಲಿ ಹೆಂಗಸರ ಸಂಘದವರು 2002ರಲ್ಲಿ 'ಮನ ರೇಡಿಯೊ' ಅಂತ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದ್ದರು. ಕೆಲವೇ ತಿಂಗಳಲ್ಲಿ ಅಧಿಕಾರಿಗಳು ಬಂದು ಮುಚ್ಚಿಸಿದರು. ಬಿಹಾರದ ಮನ್ಸೂರ್‌ಪುರದಲ್ಲಿ ಒಬ್ಬ ರಿಪೇರಿ ಅಂಗಡಿಯವನು ಅಗ್ಗದ ಬಿಡಿಭಾಗಗಳಿಂದ ತಾನೇ ಎಫ್‌ಎಂ ಕೇಂದ್ರ ಕಟ್ಟಿದ್ದ. ಊರಿನವರೆಲ್ಲ ಕೇಳುತ್ತಿದ್ದರು. 2006ರಲ್ಲಿ ಅದನ್ನೂ ಬಂದ್ ಮಾಡಿಸಿದರು. ಇವೆರಡನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಯಾರಿಗೂ ತೊಂದರೆ ಕೊಟ್ಟಿರಲಿಲ್ಲ ಅವರು.

ಈ ನಡುವೆ ಸರ್ಕಾರ ಅರ್ಧ ದಾರಿ ಬಂದಿತ್ತು. 2002ರ ಕೊನೆಯಲ್ಲಿ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಮಾತ್ರ ಅನುಮತಿ ಕೊಟ್ಟಿತು. ಕ್ಯಾಂಪಸ್ ರೇಡಿಯೊ ಸಿಕ್ಕಿತಲ್ಲ, ಸಾಕು ಅಂತ ಹೋರಾಟದವರು ಕೂತಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಪತ್ರ ಬರೆಯುತ್ತಲೇ ಹೋದರು, ಸಭೆ ಮಾಡುತ್ತಲೇ ಹೋದರು, ಅಧಿಕಾರಿಗಳಿಗೆ ಕ್ಯಾಸೆಟ್ ಕೇಳಿಸುತ್ತಲೇ ಹೋದರು. 2006ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಹೊಸ ನೀತಿಗೆ ಒಪ್ಪಿತು. ನೋಂದಣಿಯಾಗಿ ಮೂರು ವರ್ಷವಾದ, ಲಾಭದ ಉದ್ದೇಶವಿಲ್ಲದ ಸಂಸ್ಥೆಗಳೂ ಅರ್ಜಿ ಹಾಕಬಹುದು ಅಂತಾಯಿತು. ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಊರಿನಲ್ಲೇ ತಯಾರಾಗಬೇಕು ಅನ್ನುವ ಷರತ್ತೂ ಬಂತು. 2008ರ ಅಕ್ಟೋಬರಿನಲ್ಲಿ ಮಾಚನೂರಿನ 'ಸಂಘಂ ರೇಡಿಯೊ' ಕೊನೆಗೂ ಗಾಳಿಗೆ ಬಂತು. ಕೇಂದ್ರವನ್ನು ನಡೆಸಿದ್ದು ಆ ಹೆಂಗಸರೇ. ಇವತ್ತು ದೇಶದಲ್ಲಿ ಸುಮಾರು 500 ಸಮುದಾಯ ರೇಡಿಯೊಗಳಿವೆ.

ಇದರಿಂದ ನಾನು ಕಲಿತದ್ದು ಒಂದು. ಕೇಳುವ ಮೊದಲೇ ಮಾಡಿ ತೋರಿಸಬೇಕು. ಹಳ್ಳಿಯವರಿಗೆ ರೇಡಿಯೊ ನಡೆಸಲು ಬರುತ್ತದಾ ಅಂತ ದೆಹಲಿಯಲ್ಲಿ ಯಾರಾದರೂ ಅನುಮಾನಪಟ್ಟರೆ, ವಾದಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಬೂದಿಕೋಟೆಯ ಟೇಪುಗಳು. ಜೊತೆಗೆ ಅವರ ಬೇಡಿಕೆ ಸಣ್ಣದಾಗಿ, ಸ್ಪಷ್ಟವಾಗಿ ಇತ್ತು. ಮಾಧ್ಯಮ ಜನರದ್ದಾಗಲಿ ಅಂತ ಘೋಷಣೆ ಕೂಗಿದರೆ ಯಾವ ಅಧಿಕಾರಿಯೂ ಏನೂ ಮಾಡಲಾರ. ಇಂಥ ಸಂಸ್ಥೆಗೆ, ಇಷ್ಟು ವಾಟಿನ ಟ್ರಾನ್ಸ್‌ಮಿಟರಿಗೆ ಅನುಮತಿ ಕೊಡಿ ಅಂದರೆ ಫೈಲು ಓಡುತ್ತದೆ.

ಗೆದ್ದ ಮೇಲೂ ಕಾವಲು ಬೇಕು. 2012ರಲ್ಲಿ ತರಂಗದ ವಾರ್ಷಿಕ ಶುಲ್ಕವನ್ನು 19,700 ರೂಪಾಯಿಯಿಂದ ಒಮ್ಮೆಲೇ 91,000ಕ್ಕೆ ಏರಿಸಿದರು. ಸಣ್ಣ ಕೇಂದ್ರಗಳಿಗೆ ಅದು ಮುಚ್ಚಿಕೊಂಡು ಹೋಗಿ ಅಂದ ಹಾಗೇ. ಕೆಲವು ಕೇಂದ್ರಗಳು ಪ್ರಸಾರ ನಿಲ್ಲಿಸಿ ಮೌನವಾಗಿಯೇ ಪ್ರತಿಭಟಿಸಿದವು. ಸರ್ಕಾರ ಏರಿಕೆಯನ್ನು ಹಿಂದಕ್ಕೆ ತೆಗೆದುಕೊಂಡಿತು.

ಇನ್ನೂ ಗೆಲ್ಲದೆ ಉಳಿದಿರುವುದು ಸುದ್ದಿ. ಸಮುದಾಯ ರೇಡಿಯೊ ತನ್ನದೇ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದದ್ದು ಇದ್ದ ಹಾಗೆ ಮರುಪ್ರಸಾರ ಮಾಡಬಹುದು, ಅಷ್ಟೆ. ಹವಾಮಾನ, ಪರೀಕ್ಷೆ, ನೀರು, ಕರೆಂಟಿನ ಮಾಹಿತಿಗೆ ಅಡ್ಡಿಯಿಲ್ಲ. ಇದು ಕೆಲಸದಲ್ಲಿ ಹೇಗೆ ಕಾಡುತ್ತದೆ ಅಂತ ಹೇಳುತ್ತೇನೆ. ನಮ್ಮ ಕೇಂದ್ರದಲ್ಲಿ ಒಂದು ಬೇಸಿಗೆಯಲ್ಲಿ, ನಾಳೆ ಮೇಲಿನ ಕೇರಿಗೆ ನಲ್ಲಿ ನೀರು ಬರುವುದಿಲ್ಲ ಅಂತ ಹೇಳಿದೆವು. ಮೈಕಿನ ಮುಂದೆ ಕೂತಿದ್ದ ಅಕ್ಕ ಒಬ್ಬರು, "ಯಾಕೆ ಬರಲ್ಲ ಅಂತಲೂ ಹೇಳೋಣ, ಮೋಟಾರು ಸುಟ್ಟು ಹದಿನೈದು ದಿನ ಆಯ್ತು, ಯಾರೂ ತಿರುಗಿ ನೋಡಿಲ್ಲ" ಅಂದರು. ಆ ಸಾಲು ಸುದ್ದಿ ಆಗಿಬಿಡುತ್ತದಾ, ಲೈಸೆನ್ಸಿಗೆ ಕುತ್ತು ಬರುತ್ತದಾ ಅಂತ ನಮ್ಮಲ್ಲೇ ಚರ್ಚೆಯಾಯಿತು. ಕೊನೆಗೆ ಬಿಟ್ಟೆವು. ಸಾವಿರಾರು ಕಿಲೋಮೀಟರ್ ದೂರದ ಕೊಲೆಯನ್ನು ದಿನವಿಡೀ ತೋರಿಸುವ ಚಾನೆಲ್ಲುಗಳಿಗೆ ಇರುವ ಹಕ್ಕು, ತನ್ನ ಬೀದಿಯ ಮೋಟಾರಿನ ಬಗ್ಗೆ ಮಾತಾಡುವ ಹೆಂಗಸಿಗೆ ಯಾಕಿಲ್ಲ? ಖಾಸಗಿ ಎಫ್‌ಎಂಗಳಿಗೆ ಗಂಟೆಗೆ 10 ನಿಮಿಷ ಸುದ್ದಿಗೆ ಬಿಡಬಹುದು ಅಂತ ಟ್ರಾಯ್ (ದೂರಸಂಪರ್ಕ, ಪ್ರಸಾರಗಳ ನಿಯಂತ್ರಣ ಪ್ರಾಧಿಕಾರ) 2023ರಲ್ಲಿ ಶಿಫಾರಸು ಮಾಡಿತು. ಊರಿನ ರೇಡಿಯೊಗಳಿಗೂ ಅದು ಸಿಗಲೇಬೇಕು.

ಇಂಟರ್ನೆಟ್ ವಿಷಯ ನಿಮಗೆ ನೆನಪಿರಬಹುದು. 2015ರಲ್ಲಿ ಟ್ರಾಯ್ ಅಭಿಪ್ರಾಯ ಕೇಳಿದಾಗ, ಎಲ್ಲ ತಾಣಗಳನ್ನೂ ಸಮಾನವಾಗಿ ಕಾಣಬೇಕು ಅಂತ ಹತ್ತು ಲಕ್ಷಕ್ಕೂ ಜಾಸ್ತಿ ಇಮೇಲ್ ಹೋದವು. ಕೆಲವೇ ತಾಣಗಳನ್ನು ಪುಕ್ಕಟೆ ಕೊಡುವ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಯೋಜನೆ ಭಾರೀ ಜಾಹೀರಾತು ಮಾಡಿದರೂ ನಿಲ್ಲಲಿಲ್ಲ. 2016ರ ಫೆಬ್ರವರಿ 8ರಂದು ಟ್ರಾಯ್ ಅಂಥ ತಾರತಮ್ಯದ ದರಗಳನ್ನೇ ನಿಷೇಧಿಸಿತು.

ನೀವು ನೇರವಾಗಿ ಕೇಳಿದ ಒಡೆತನದ ಪ್ರಶ್ನೆಯಲ್ಲಿ ಮಾತ್ರ ನಾವು ಹಿಂದಿದ್ದೇವೆ. ಒಬ್ಬರೇ ಪತ್ರಿಕೆ, ಚಾನೆಲ್, ಕೇಬಲ್ ಎಲ್ಲವನ್ನೂ ಇಟ್ಟುಕೊಳ್ಳುವುದಕ್ಕೆ ಮಿತಿ ಬೇಕು ಅಂತ ಟ್ರಾಯ್ 2009ರಲ್ಲೇ ಹೇಳಿತು, 2014ರಲ್ಲಿ ವಿವರವಾಗಿ ಹೇಳಿತು. ರಾಜಕೀಯ ಪಕ್ಷಗಳು ಚಾನೆಲ್ ನಡೆಸಬಾರದು ಅಂತಲೂ ಅದರಲ್ಲಿತ್ತು. 2022ರಲ್ಲಿ ಮತ್ತೆ ಅಭಿಪ್ರಾಯ ಕೇಳಿತು. ಆ ಮಿತಿ ಕಾನೂನಾಗಿ ಬರಲೇ ಇಲ್ಲ. ಇಂಟರ್ನೆಟ್ಟಿಗೆ ಬಂದ ಹತ್ತು ಲಕ್ಷ ಇಮೇಲಿನ ಒಂದು ಪಾಲಾದರೂ ಇದಕ್ಕೆ ಬಂದಿದ್ದರೆ ಒತ್ತಡವೇ ಬೇರೆ ಇರುತ್ತಿತ್ತು ಅನ್ನೋದು ನನ್ನ ನಂಬಿಕೆ.

ಹಾಗಾಗಿ ನೀವು ಮಾಡಬಹುದಾದದ್ದು ಇಷ್ಟು. ಟ್ರಾಯ್ ಜಾಲತಾಣದಲ್ಲಿ ಸಮಾಲೋಚನಾ ಪತ್ರಗಳು ಬರುತ್ತಿರುತ್ತವೆ. ಯಾರು ಬೇಕಾದರೂ ಅಭಿಪ್ರಾಯ ಕಳಿಸಬಹುದು, ವಕೀಲರೇ ಆಗಬೇಕಿಲ್ಲ. ಎಲ್ಲ ಪ್ರಶ್ನೆಗೂ ಉತ್ತರಿಸಬೇಕಾಗಿಲ್ಲ. ಒಂದೇ ಪ್ರಶ್ನೆ ಆರಿಸಿಕೊಂಡು ನಿಮ್ಮ ಊರಿನ ಉದಾಹರಣೆ ಕೊಟ್ಟು ಒಂದು ಪುಟ ಬರೆಯಿರಿ. ನಿಮ್ಮ ಊರಿನಲ್ಲಿ ಎಷ್ಟು ಚಾನೆಲ್ ಬರುತ್ತವೆ, ಕೇಬಲ್ ಯಾರದ್ದು, ಜಿಲ್ಲೆಯ ಸುದ್ದಿ ಯಾರು ಕೊಡುತ್ತಾರೆ, ಇಷ್ಟು ಬರೆದರೂ ಅದಕ್ಕೆ ತೂಕ ಇದೆ. ಕಂಪನಿಗಳು ಕಳಿಸುವ ದಪ್ಪ ಕಡತಗಳಲ್ಲಿ ಈ ಮಾಹಿತಿ ಸಿಗಲ್ಲ. ಸ್ನೇಹಿತರಿಗೂ ಕಳಿಸಲು ಹೇಳಿ, ಆದರೆ ಎಲ್ಲರೂ ಒಂದೇ ಪತ್ರವನ್ನು ನಕಲು ಮಾಡಬೇಡಿ.

ಹತ್ತಿರದಲ್ಲಿ ಸಮುದಾಯ ರೇಡಿಯೊ ಇದ್ದರೆ ಹೋಗಿ ಬಾಗಿಲು ತಟ್ಟಿ. 2024ರ ಪರಿಷ್ಕೃತ ನಿಯಮದ ಪ್ರಕಾರ ಕಾರ್ಯಕ್ರಮಗಳ ಸಲಹಾ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಹೆಂಗಸರಿರಬೇಕು. ಆ ಸಮಿತಿ ನಿಜವಾಗಿ ಸಭೆ ಸೇರುತ್ತದಾ, ಅದರಲ್ಲಿ ಊರಿನವರು ಇದ್ದಾರಾ ಅಂತ ವಿಚಾರಿಸಿ. ಕೆಲವು ಕಡೆ ಸಂಸ್ಥೆಯವರೇ ಎಲ್ಲ ನಡೆಸಿಬಿಡುತ್ತಾರೆ. ಹಾಗಿದ್ದರೆ ನೀವೇ ಒಂದು ಕಾರ್ಯಕ್ರಮ ಮಾಡಿಕೊಡುತ್ತೇನೆ ಅನ್ನಿ. ಮೊಬೈಲಿನಲ್ಲೇ ರೆಕಾರ್ಡ್ ಮಾಡಿ ತಂದರೂ ನಡೆಯುತ್ತದೆ. ಯಾವ ಜಿಲ್ಲೆಯವರು ಅಂತ ತಿಳಿಸಿದರೆ ಆ ಕಡೆ ಯಾವ ಕೇಂದ್ರ ಇದೆ ಅಂತ ಹುಡುಕಿ ಹೇಳುತ್ತೇನೆ.