ಸೈಕಲ್ ಚೈನಿಗೆ ಕೊಬ್ಬರಿ ಎಣ್ಣೆ ಹಾಕಬಹುದಾ?

ಬೇಡ ಸರ್. ಡಿಸೆಂಬರ್ ಬೆಳಿಗ್ಗೆ ಬಾಟಲಿ ಒಳಗೆ ಹೆಪ್ಪುಗಟ್ಟಿರತ್ತಲ್ಲ, 24 ಡಿಗ್ರಿಗಿಂತ ಕೆಳಗೆ ಹೋದ್ರೆ ಚೈನ್ ಮೇಲೂ ಅದೇ ಕಥೆ. ಸನ್‌ಫ್ಲವರ್ ಎಣ್ಣೆ ಇನ್ನೂ ಕೆಟ್ಟದು, ಸ್ಟೌವ್ ಹಿಂದಿನ ಟೈಲ್ಸ್ ಮೇಲೆ ಒಗ್ಗರಣೆ ಸಿಡಿದು ಅಂಟಂಟಾಗಿ ಕೂತಿರತ್ತಲ್ಲ ಹಾಗಾಗತ್ತೆ.

ಡಬ್ಲ್ಯೂಡಿ-40 ಸ್ಪ್ರೇ ಹೊಡೆದ್ರೆ ಎರಡೇ ದಿನಕ್ಕೆ ಮತ್ತೆ ಕಿರ್ ಕಿರ್ ಅನ್ನತ್ತೆ ಅಂತ ಬರೆದಿದೀರಿ. ಅನ್ನಲೇಬೇಕು. ಡಬ್ಲ್ಯೂಡಿ ಅಂದ್ರೆ ವಾಟರ್ ಡಿಸ್‌ಪ್ಲೇಸ್‌ಮೆಂಟ್, ತೇವ ಓಡಿಸೋಕೆ ಮಾಡಿದ್ದು, ಬಹುಪಾಲು ಆರಿ ಹೋಗತ್ತೆ, ಉಳಿಯೋ ಎಣ್ಣೆ ತೀರಾ ತೆಳು.

ನಾನೂ ಒಂದು ಕಾಲದಲ್ಲಿ ಸ್ಕೂಟರಿಗೆ ಹಾಕಿ ಮಿಕ್ಕಿದ ಇಂಜಿನ್ ಆಯಿಲ್ ಸುರೀತಿದ್ದೆ, ಸದ್ದು ನಿಂತ್ತು ಅಂತ ಖುಷೀಲಿ ಓಡಾಡಿದೆ, ವಾರಕ್ಕೆ ಚೈನೆಲ್ಲಾ ಕರೀ ಹಲ್ವಾ, ಪ್ಯಾಂಟು ಎರಡು ಹಾಳು. ಪ್ಯಾಂಟ್ ಹೋದ್ರೆ ಹೋಗ್ಲಿ, ಆ ಎಣ್ಣೆ ಜತೆ ಧೂಳು ಸೇರಿದ್ರೆ ಉಪ್ಪುಕಾಗದ ಹಾಕಿ ಉಜ್ಜಿದ ಹಾಗೆ ಒಳಗಿನ ಪಿನ್ ಸವೀತಾ ಹೋಗತ್ತೆ.

ನೀವಿರೋದು ಸಂಡೂರು, ಅದಿರು ಲಾರಿ ಧೂಳು ನಾನು ಹೇಳಬೇಕಾ, ಅದಕ್ಕೇ ಡ್ರೈ ಲ್ಯೂಬ್ ಅಂತ ಬರೋ ಚೈನ್ ಎಣ್ಣೆ ತಗೊಳಿ. ಹೆಸರಿಗೆ ಡ್ರೈ, ಬಾಟಲೀಲಿ ನೀರಾಗೇ ಇರತ್ತೆ, ರಾತ್ರಿ ಹಾಕಿ ಬಿಟ್ರೆ ಬೆಳಿಗ್ಗೆ ಹೊತ್ತಿಗೆ ಒಣಗಿ ತೆಳ್ಳಗೆ ಮೇಣದ ಪದರ ಕೂತಿರತ್ತೆ, ಧೂಳು ಅಷ್ಟಾಗಿ ಹಿಡಿಯಲ್ಲ. ಒಂದು ಜೋರು ಮಳೆ ಬಂದ್ರೆ ಮಾತ್ರ ತೊಳ್ಕೊಂಡು ಹೋಗತ್ತೆ, ಮತ್ತೆ ಹಾಕ್ಬೇಕು. ವೆಟ್ ಲ್ಯೂಬ್ ದಪ್ಪ, ಮಳೆಗೆ ಜಗ್ಗಲ್ಲ, ತೀರ್ಥಹಳ್ಳೀಲಿರೋ ನನ್ನ ತಮ್ಮ ಜೂನ್ ಬಂದ್ರೆ ಅದನ್ನೇ ಹಾಕೋದು. ದುಡ್ಡು ಖರ್ಚು ಮಾಡೋ ಮನಸ್ಸಿಲ್ವಾ, ಹೊಲಿಗೆ ಮಿಷನ್ ಎಣ್ಣೆ ನಡೆಯತ್ತೆ, ಪದೇ ಪದೇ ಹಾಕ್ತಿರಬೇಕು ಅಷ್ಟೆ.

ಆದ್ರೆ ಯಾವುದೇ ಹಾಕಿ, ಮೊದಲು ಸೀಮೆಎಣ್ಣೆನೋ ಡೀಸೆಲ್ಲೋ ಬ್ರಷ್‌ಗೆ ಅದ್ದಿ ಹಳೇ ಕೊಳೆ ತೆಗೀರಿ, ಒರೆಸಿ ಚೆನ್ನಾಗಿ ಒಣಗಿಸಿ. ಎಣ್ಣೆ ಬೇಕಾಗಿರೋದು ರೋಲರ್, ಅಂದ್ರೆ ಪಿನ್ ಸುತ್ತ ತಿರುಗೋ ಸಣ್ಣ ಉರುಳೆ, ಅದರ ಒಳಗೆ, ಹೊರಗಡೆ ಅಲ್ಲ. ಹಾಗಾಗಿ ಪೆಡಲ್ ಹಿಂದಕ್ಕೆ ತಿರುಗಿಸ್ತಾ ಒಂದೊಂದು ರೋಲರಿಗೆ ಒಂದೇ ಹನಿ, ನೂರಾ ಚಿಲ್ಲರೆ ಕೊಂಡಿ ಇರತ್ತೆ, ಹತ್ತು ನಿಮಿಷದ ಕೆಲಸ. ಸ್ವಲ್ಪ ಹೊತ್ತು ಬಿಟ್ಟು ಹಳೇ ಬನಿಯನ್‌ನಲ್ಲಿ ಹೊರಗಿನದನ್ನೆಲ್ಲಾ ಒರೆಸಿಬಿಡಿ, ಹಾಕಿದ್ದೇ ಹೋಯ್ತಲ್ಲ ಅನಿಸೋವಷ್ಟು. ರಿಮ್ಮಿಗೋ ಡಿಸ್ಕಿಗೋ ಒಂದು ಹನೀನೂ ಬೀಳಬಾರದು, ಬ್ರೇಕ್ ಹಿಡಿಯಲ್ಲ.

ಇಷ್ಟಾದ್ಮೇಲೂ ಸದ್ದು ಬಂದ್ರೆ ಸ್ಕೇಲ್ ಹಿಡಿದು ಅಳೀರಿ. ಹೊಸ ಚೈನಲ್ಲಿ ಒಂದು ಪಿನ್ ಮೇಲೆ ಸೊನ್ನೆ ಇಟ್ಟು, ಅದನ್ನ ಬಿಟ್ಟು ಮುಂದಿನದರಿಂದ ಎಣಿಸಿದ್ರೆ 24ನೇದು ಸರಿಯಾಗಿ 12 ಇಂಚಿಗೆ ಬರತ್ತೆ. ಒಂದೂವರೆ ಮಿಲಿಮೀಟರ್ ಆಚೆ ಹೋಗಿದ್ರೆ ಚೈನ್ ಸವೆದಿದೆ, ಎಣ್ಣೆ ಚಿಂತೆ ಬಿಟ್ಟು ಹೊಸ ಚೈನ್ ಹಾಕ್ಸಿ, ಇಲ್ಲಾಂದ್ರೆ ಅದು ಹಿಂದಿನ ಚಕ್ರದ ಫ್ರೀವೀಲ್ ಹಲ್ಲನ್ನೂ ತಿಂದುಹಾಕತ್ತೆ.