ಮಾಳಿಗೆ ಮನೆಗೆ ಯಾವ ಎಚ್ಚರಿಕೆ?

ಹಿರಿಯೂರು ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರು ಬರೆದಿರುವ ಪತ್ರದ ಸಾರ ಇದು: ‘ವಾಣಿವಿಲಾಸ ಸಾಗರ 89 ವರ್ಷಗಳ ನಂತರ 2022ರಲ್ಲಿ ಕೋಡಿ ಬಿತ್ತು, 2025ರ ಜನವರಿಯಲ್ಲಿ ಮತ್ತೆ ಬಿತ್ತು. ಹವಾಮಾನ ಬದಲಾಗಿ ಮಳೆ ಹೀಗೆಯೇ ಸುರಿದು, ತುಂಬಿದ ನೀರಿನ ಭಾರಕ್ಕೆ ಮಹಾರಾಷ್ಟ್ರದ ಕೊಯ್ನಾದಲ್ಲಿ ಆದಂತೆ ಇಲ್ಲಿಯೂ ಭೂಮಿ ನಡುಗಿದರೆ ಗತಿಯೇನು? ಮಳೆಯನ್ನು ಮುಂಚಿತವಾಗಿ ಹೇಳುವವರು ಭೂಕಂಪವನ್ನೂ ಮುಂಚಿತವಾಗಿ ಹೇಳುವ ವ್ಯವಸ್ಥೆಯನ್ನು ನಮ್ಮ ಜಿಲ್ಲೆಗೆ ಏಕೆ ಕೊಡಬಾರದು? ಪತ್ರಿಕೆ ಇದಕ್ಕಾಗಿ ಒತ್ತಾಯಿಸಬೇಕು.’

ಮಾನ್ಯರೇ,

ತಮ್ಮ ಭಯಕ್ಕೆ ಆಧಾರವಿಲ್ಲ ಎಂದು ನಾವು ಹೇಳುವುದಿಲ್ಲ. 1967ರ ಡಿಸೆಂಬರ್ 11ರಂದು ಕೊಯ್ನಾ ನಡುಗಿ ಇನ್ನೂರರ ಆಸುಪಾಸು ಜನ ಸತ್ತಾಗ, ಜಲಾಶಯದ ನೀರೇ ಅದಕ್ಕೆ ಪ್ರೇರಣೆಯಾಯಿತು ಎಂಬುದನ್ನು ಭೂವಿಜ್ಞಾನಿಗಳು ಬಹುಮಟ್ಟಿಗೆ ಒಪ್ಪಿದ್ದಾರೆ. ಆದರೆ ಅಲ್ಲಿ ಒತ್ತಡ ಮೊದಲೇ ಕೂಡಿಕೊಂಡಿದ್ದ ಬಿರುಕೊಂದು ನೆಲದಾಳದಲ್ಲಿತ್ತು. ನೀರು ಅದನ್ನು ಸಡಿಲಿಸಿತು, ಹುಟ್ಟಿಸಲಿಲ್ಲ. ಕೊಯ್ನಾ ಅಣೆಕಟ್ಟಿನ ಎತ್ತರ 103 ಮೀಟರ್. ನಮ್ಮ ಮಾರಿಕಣಿವೆಯ (ವಾಣಿವಿಲಾಸ ಸಾಗರದ) ನೀರು 130 ಅಡಿಗೆ, ಅಂದರೆ ಸುಮಾರು 40 ಮೀಟರಿಗೆ ಕೋಡಿಯಲ್ಲಿ ಹರಿದುಹೋಗುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಭೂಮಿ ಬಿಸಿಯಾಗುವುದರಿಂದಲೇ ದೊಡ್ಡ ಭೂಕಂಪಗಳು ಆಗುತ್ತವೆ ಎಂಬ ಮಾತೂ ಸರಿಯಲ್ಲ. ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಷ್ಟು ಉತ್ತರಕ್ಕೆ ಸರಿದು ಏಷ್ಯಾವನ್ನು ಒತ್ತುತ್ತಿದೆ. ಆ ಒತ್ತಡದ ಒಂದು ಪಾಲು ನಮ್ಮ ದಖ್ಖನ್ನಿನ ಹಳೆಯ ಬಂಡೆಗಳಿಗೂ ಬಂದು ಮುಟ್ಟುತ್ತದೆ.

ಇನ್ನು ಮುನ್ಸೂಚನೆಯ ವಿಷಯ. ಇಂಥ ದಿನ, ಇಂಥ ಊರಿನಲ್ಲಿ ಭೂಕಂಪವಾಗುತ್ತದೆ ಎಂದು ಹೇಳಬಲ್ಲ ಯಂತ್ರ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಇರುವುದು ಬೇರೊಂದು ಬಗೆಯ ಎಚ್ಚರಿಕೆ. ನೆಲ ಒಡೆದ ಕ್ಷಣದಲ್ಲಿ ಎರಡು ಅಲೆಗಳು ಹೊರಡುತ್ತವೆ. ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುವ ಮೊದಲನೆಯದು ಅಷ್ಟಾಗಿ ಹಾನಿ ಮಾಡದು, ಅದರ ಹಿಂದೆ ಸುಮಾರು 3.5 ಕಿಲೋಮೀಟರ್ ವೇಗದಲ್ಲಿ ಬರುವ ಎರಡನೆಯದು ಗೋಡೆಗಳನ್ನು ಬೀಳಿಸುತ್ತದೆ. ಭೂಕಂಪದ ಕೇಂದ್ರದ ಹತ್ತಿರದ ಮಾಪಕ ಮೊದಲನೆಯ ಅಲೆಯನ್ನು ಗುರುತಿಸಿ, ಎರಡನೆಯದು ದೂರದ ಊರನ್ನು ಮುಟ್ಟುವ ಮೊದಲು ಸುದ್ದಿಯನ್ನು ರವಾನಿಸುತ್ತದೆ. ಜಪಾನಿನಲ್ಲಿ 2007ರಿಂದ ಸಾರ್ವಜನಿಕರಿಗೆ ಸಿಗುತ್ತಿರುವುದೂ, ರೂರ್ಕಿ ಐಐಟಿಯವರು 2021ರಲ್ಲಿ ಉತ್ತರಾಖಂಡದ ಜನರ ಮೊಬೈಲಿಗೆ ಕೊಟ್ಟಿದ್ದೂ ಇದನ್ನೇ. 1985ರ ಭೂಕಂಪದಲ್ಲಿ ನಲುಗಿದ ಮೆಕ್ಸಿಕೊ ನಗರಕ್ಕೆ ಇದರಿಂದ ನಿಜವಾದ ಪ್ರಯೋಜನವಿದೆ, ಏಕೆಂದರೆ ಅಲ್ಲಿನ ದೊಡ್ಡ ಭೂಕಂಪಗಳು ಅನೇಕ ಸಲ ನೂರಾರು ಕಿಲೋಮೀಟರ್ ದೂರದ ಕಡಲ ತೀರದಲ್ಲಿ ಹುಟ್ಟುತ್ತವೆ.

ಈ ಲೆಕ್ಕವನ್ನು ನಮ್ಮ ನೆರೆಯ ಮಹಾರಾಷ್ಟ್ರದ ಕಿಲ್ಲಾರಿಗೆ ಹಾಕಿ ನೋಡಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣೇಶನನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದ ಹಳ್ಳಿಗಳ ಮೇಲೆ 6.2ರ ಪ್ರಮಾಣದ ಕಂಪನ ಎರಗಿ ಹತ್ತಿರ ಹತ್ತು ಸಾವಿರ ಜನ ಸತ್ತರು. ಅಂದು ಇಂಥ ವ್ಯವಸ್ಥೆ ಇದ್ದಿದ್ದರೆ, ಸುಮಾರು ನಾನೂರು ಕಿಲೋಮೀಟರ್ ದೂರದ ಚಿತ್ರದುರ್ಗಕ್ಕೆ ಒಂದೂವರೆ ನಿಮಿಷಕ್ಕಿಂತ ಹೆಚ್ಚು ಸಮಯ ಸಿಗುತ್ತಿತ್ತು. ಆದರೆ ಆ ಅಲೆ ಇಲ್ಲಿಗೆ ಬರುವಷ್ಟರಲ್ಲಿ ಬಲಗುಂದಿರುತ್ತಿತ್ತು. ಸತ್ತವರ ಕಿಲ್ಲಾರಿಗೆ ಒಂದು ಸೆಕೆಂಡೂ ಸಿಗುತ್ತಿರಲಿಲ್ಲ. ನಮ್ಮ ಕಾಲಡಿಯಲ್ಲೇ ಹುಟ್ಟುವ ಕಂಪನಕ್ಕೂ ಇದೇ ಮಾತು ಅನ್ವಯಿಸುತ್ತದೆ. ಆದ್ದರಿಂದ ತಾವು ಕೇಳಿರುವ ಒತ್ತಾಯವನ್ನು ಮಾಡಲು ನಮಗೆ ಮನಸ್ಸು ಬರುತ್ತಿಲ್ಲ.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. 2002ರ ಭೂಕಂಪ ವಲಯಗಳ ನಕ್ಷೆ ನಮ್ಮ ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳನ್ನು ಅತಿ ಕಡಿಮೆ ಅಪಾಯದ ಎರಡನೆಯ ವಲಯದಲ್ಲಿ ಇಟ್ಟಿದೆ, ನಿಜ. ಕಿಲ್ಲಾರಿ ಕೂಡ ತನ್ನ ಕಾಲದ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲೇ ಇತ್ತು. ಅಲ್ಲಿ ಜನರನ್ನು ಕೊಂದದ್ದು ಮನೆ. ಮಣ್ಣಿನಲ್ಲಿ ಕೂರಿಸಿದ ಕಾಡುಗಲ್ಲಿನ ದಪ್ಪ ಗೋಡೆ, ಮರದ ತೊಲೆಗಳ ಮೇಲೆ ವರ್ಷವರ್ಷವೂ ಹೊದಿಸುತ್ತ ಬಂದ ಮಣ್ಣಿನ ಮಾಳಿಗೆ: ಚಳ್ಳಕೆರೆ, ಹಿರಿಯೂರು, ಜಗಳೂರಿನ ಹಳ್ಳಿಗಳಲ್ಲಿ ಇಂದಿಗೂ ನಾವು ನೋಡುವ ಮನೆಯೇ ಅದು. ಗೋಡೆಯ ಒಳಮುಖ ಹೊರಮುಖ ಎರಡನ್ನೂ ಹಿಡಿಯುವಂತೆ ಅಡ್ಡಲಾಗಿ ಉದ್ದದ ಕಲ್ಲುಗಳನ್ನು ಕೂರಿಸುವುದು, ಬಾಗಿಲು ಕಿಟಕಿಗಳ ಮೇಲಿನ ಲಿಂಟಲ್ ಮಟ್ಟದಲ್ಲಿ ನಾಲ್ಕೂ ಗೋಡೆಗಳನ್ನು ಬಿಗಿಯುವ ಕಾಂಕ್ರೀಟ್ ಪಟ್ಟಿ ಹಾಕುವುದು, ಮಾಳಿಗೆಯ ಮಣ್ಣಿನ ಹೊರೆ ಇಳಿಸುವುದು, ಇವು ನಮ್ಮ ಗಾರೆ ಕೆಲಸದವರಿಗೆ ಮೀರಿದ ವಿದ್ಯೆಯಲ್ಲ.

ಈ ಮನೆಯನ್ನು ಕಂಪನಕ್ಕಿಂತ ಮೊದಲು ಮಳೆ ಬೀಳಿಸುತ್ತಿದೆ ಎಂಬುದು ನಮ್ಮನ್ನು ಹೆಚ್ಚು ಕಾಡುವ ಸಂಗತಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವವನ್ನು ಹೊರಬಲ್ಲದು. ಮಳೆಗಾಗಿ ಮುಗಿಲು ನೋಡುವ ನಾಡಿನಲ್ಲೂ ಬಂದಾಗ ಒಮ್ಮೆಗೇ ಸುರಿಯುವ ಮಳೆ ಹೆಚ್ಚಲು ಇದೇ ಮುಖ್ಯ ಕಾರಣ. ನಾಲ್ಕು ದಿನ ಜಡಿ ಹಿಡಿದರೆ ನೆನೆದ ಗೋಡೆ ರಾತ್ರಿ ಮಲಗಿದವರ ಮೇಲೆ ಕುಸಿಯುತ್ತದೆ. ಇಲ್ಲಿ ಎಚ್ಚರಿಕೆಗೆ ಸೆಕೆಂಡುಗಳಲ್ಲ, ದಿನಗಳೇ ಇವೆ. 1988ರಲ್ಲಿ ಬರ ನಿರ್ವಹಣೆಗೆಂದು ಆರಂಭವಾಗಿ ಬೆಳೆದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಗ್ರಾಮ ಪಂಚಾಯಿತಿಯ ಮಟ್ಟದವರೆಗೆ ಇವೆ. ಭದ್ರಾ, ತುಂಗಾ ಅಣೆಕಟ್ಟುಗಳಿಂದ ಬಿಟ್ಟ ನೀರು ಹೊನ್ನಾಳಿ, ಹರಿಹರದ ದಂಡೆಯ ಮನೆಗಳಿಗೆ ಬರುವ ಮೊದಲು ಗಂಟೆಗಳ ಅವಕಾಶವಿರುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸಿಡಿಲಿನ ಸುಳಿವು ಕೊಡುತ್ತದೆ. ಆದರೆ ಏಪ್ರಿಲ್‌ನ ಮಧ್ಯಾಹ್ನ ಬಯಲಿನಲ್ಲಿ ಕುರಿ ಮೇಯಿಸುತ್ತಿರುವ, ಸಾದಾ ಮೊಬೈಲ್ ಇಟ್ಟುಕೊಂಡವನಿಗೆ ಅದನ್ನು ತಲುಪಿಸುವವರು ಯಾರು? ದೇಶದಲ್ಲಿ ಪ್ರತಿವರ್ಷ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಿರುವಾಗ ಈ ಪ್ರಶ್ನೆ ಸಣ್ಣದಲ್ಲ.

ಒಡಿಶಾ ಇದಕ್ಕೆ ಉತ್ತರ ಕಂಡುಕೊಂಡಿದೆ. 1999ರ ಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರ ಫೈಲಿನ್ ಬರುವ ಮೊದಲು ಲಕ್ಷಾಂತರ ಜನರನ್ನು ಆಶ್ರಯ ತಾಣಗಳಿಗೆ ಕರೆದೊಯ್ದರು, ಸಾವು ಹತ್ತಾರಕ್ಕೆ ಇಳಿಯಿತು. ಉಪಗ್ರಹದ ಚಿತ್ರದ ಜೊತೆಗೆ, ಮನೆಬಾಗಿಲಿಗೆ ಹೋಗಿ ಎಬ್ಬಿಸುವವರು ಮತ್ತು ಎದ್ದವರು ಹೋಗಿ ಸೇರಲು ಗಟ್ಟಿ ಸೂರು ಅಲ್ಲಿದ್ದವು.

ಪತ್ರಿಕೆ ಒತ್ತಾಯಿಸುವುದಾದರೆ ಇದನ್ನು ಒತ್ತಾಯಿಸುತ್ತದೆ: ಪ್ರತಿ ಪಂಚಾಯಿತಿಯೂ ಮುಂಗಾರಿಗೆ ಮೊದಲು ಶಿಥಿಲ ಮಾಳಿಗೆ ಮನೆಗಳ ಪಟ್ಟಿ ಮಾಡಲಿ, ಭಾರಿ ಮಳೆಯ ಸೂಚನೆ ಬಂದ ಸಂಜೆ ಡಂಗುರ ಹೊಡೆಸಲಿ, ಶಾಲೆಯ ಬೀಗವನ್ನು ಆ ರಾತ್ರಿ ತೆರೆದಿಡಲಿ. ತಾವು ನಲವತ್ತು ಮಳೆಗಾಲಗಳನ್ನಾದರೂ ಅದೇ ಊರಿನಲ್ಲಿ ಕಂಡವರು. ಕಳೆದ ಮಳೆಯಲ್ಲಿ ಎಷ್ಟು ಗೋಡೆಗಳು ಬಿದ್ದವು, ಹಿಂದಿನ ದಿನ ಆ ಮನೆಯವರಿಗೆ ಯಾರಾದರೂ ಹೇಳಿದ್ದರೇ ಎಂಬುದನ್ನು ವಿಚಾರಿಸಿ ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ